ಮೊದಲು ಅವನಿಗೇ ತಿಳಿಸತಕ್ಕದ್ದು

ಮೇಷ್ಟ್ರು ತೊಟ್ಟಿಯಲ್ಲಿದ್ದರು.

ಬೆಳಿಗ್ಗೆ ಲ್ಯಾಬಿನ ಬೀಗ ತೆಗೆದ ಸಹಾಯಕನಿಗೆ ಮೊದಲು ಕಂಡದ್ದು ನೀರಿನಲ್ಲಿ ಉಬ್ಬಿದ್ದ ಬಿಳಿ ಶರ್ಟು. ಯಾರೋ ಬಟ್ಟೆ ನೆನೆಹಾಕಿದ್ದಾರೆ ಅಂದುಕೊಂಡು ಬೈಯಲು ಬಾಯಿ ತೆರೆದ. ಆ ನೀರಿಗೆ ಬೆರಳು ಅದ್ದಿದರೂ ಮೇಷ್ಟ್ರು ಸುಮ್ಮನೆ ಬಿಡುವವರಲ್ಲ. ಹತ್ತಿರ ಹೋದ. ತೆರೆದ ಬಾಯಿ ಹಾಗೇ ಉಳಿಯಿತು.

ಅದು ಎಂಜಿನಿಯರುಗಳ ರಾಷ್ಟ್ರೀಯ ಪರಿಷತ್ತಿನ ಪರೀಕ್ಷಾ ಲ್ಯಾಬು. ದೇಶದಲ್ಲಿ ಯಾರು ಎಂಜಿನಿಯರ್, ಯಾರು ಅಲ್ಲ ಎಂದು ಹೇಳುವುದು ಆ ಪರಿಷತ್ತು. ನಕ್ಷೆಗೆ ಒತ್ತುವ ಮುದ್ರೆ ಕೊಡುವುದೂ ಅದೇ, ತಪ್ಪಿದರೆ ಕಿತ್ತುಕೊಳ್ಳುವುದೂ ಅದೇ. ಕಟ್ಟಡಕ್ಕೆ ಸುರಿಯುವ ಕಾಂಕ್ರೀಟಿನಲ್ಲಿ ಒಂದು ಪಾಲು ತೆಗೆದು ಅಚ್ಚಿಗೆ ತುಂಬಿ, ಕ್ಯೂಬು ಮಾಡಿ, ಇಲ್ಲಿಗೆ ಕಳಿಸುತ್ತಾರೆ. ಇಲ್ಲಿ ಅದನ್ನು ಮನುಷ್ಯನುದ್ದದ ತೊಟ್ಟಿಯಲ್ಲಿ ನೆನೆಸಿಟ್ಟು, ಆಮೇಲೆ ಯಂತ್ರಕ್ಕೆ ಕೊಟ್ಟು ಒಡೆಯುತ್ತಾರೆ. ಎಷ್ಟು ಭಾರಕ್ಕೆ ಒಡೆಯಿತು ಎನ್ನುವುದೇ ಕಟ್ಟಡದ ಜಾತಕ. ಆ ಜಾತಕ ಬರೆಯುತ್ತಿದ್ದವರು ಮೇಷ್ಟ್ರು, ಲ್ಯಾಬಿನ ಮುಖ್ಯಸ್ಥರು. ಊರಿನ ಅರ್ಧದಷ್ಟು ಎಂಜಿನಿಯರುಗಳು ಅವರ ಕೈಕೆಳಗೆ ಕಲಿತವರೇ.

ಪೊಲೀಸರ ಹಿಂದೆಯೇ ಪರಿಷತ್ತಿನ ಶಿಸ್ತು ವಿಭಾಗದ ತನಿಖಾಧಿಕಾರಿ ಬಂದಳು. ಒಂದು ಕಾಲಕ್ಕೆ ಸೇತುವೆ ಕಟ್ಟುತ್ತಿದ್ದವಳು. ಈಗ ಕಟ್ಟಿದವರ ತಪ್ಪು ಹುಡುಕುತ್ತಾಳೆ. ಮೆಟ್ಟಿಲ ಕಂಬಿ ಹಿಡಿಯುವ ಮುಂಚೆ ಅಲುಗಿಸಿ ನೋಡುತ್ತಾಳೆ. ನೆಂಟರ ಮನೆಗೆ ಹೋದರೆ ಕುಶಲ ಕೇಳುವ ಮುನ್ನ ತಲೆ ಎತ್ತಿ ತೊಲೆಯ ಬಿರುಕು ಹುಡುಕುತ್ತಾಳೆ. ಕಚೇರಿಯವರು ಬೆನ್ನ ಹಿಂದೆ ಗುಮಾನಿ ಅಕ್ಕ ಎಂದು ಹೆಸರಿಟ್ಟರು. ಈಗ ಎದುರಿಗೇ ಕರೆಯುತ್ತಾರೆ. ಅವಳೂ ಓಗೊಡುತ್ತಾಳೆ.

ಹೆಣವನ್ನು ಮೇಲೆತ್ತಿ ಮಲಗಿಸಿದ್ದರು. ಅಕ್ಕ ಮುಖ ನೋಡಲಿಲ್ಲ. ಸುತ್ತ ನೋಡಿದಳು. ತೊಟ್ಟಿಯಲ್ಲಿ ಇರಬೇಕಾದ ಕ್ಯೂಬುಗಳೆಲ್ಲ ಹೊರಗಿದ್ದವು. ಗೋಡೆಯ ಪಕ್ಕಕ್ಕೆ ಸಾಲಾಗಿ ಜೋಡಿಸಿ, ಒಣಗದಂತೆ ಮೇಲೆ ಒದ್ದೆ ಗೋಣಿ ಹೊದಿಸಿತ್ತು. ತೊಟ್ಟಿಯ ಅಂಚಿನ ಮೇಲೆ ಮೇಷ್ಟ್ರ ಕನ್ನಡಕ. ಕಡ್ಡಿ ಮಡಚಿ, ಗಾಜು ಮೇಲೆ ಮಾಡಿ ಇಟ್ಟಿತ್ತು.

"ನೀಟಾದ ಮನುಷ್ಯ," ಅಂದ ಇನ್ಸ್‌ಪೆಕ್ಟರ್. "ಸಾಯೋಕೆ ಮುಂಚೆ ಜಾಗ ಖಾಲಿ ಮಾಡ್ಕೊಂಡಿದ್ದಾರೆ. ಸಾಮಾನು ಹಾಳಾಗಬಾರದು ಅಂತ ಮುಚ್ಚಿದ್ದಾರೆ. ಕನ್ನಡಕ ತೆಗೆದಿಟ್ಟಿದ್ದಾರೆ. ಕಾರಣ ನಿಮಗೇ ಗೊತ್ತು, ಮೇಡಂ."

ಕಾರಣ ಇಡೀ ಊರಿಗೇ ಗೊತ್ತಿತ್ತು. ಹಿಂದಿನ ವಾರ ನರ್ಸುಗಳ ಹಾಸ್ಟೆಲಿನ ಊಟದ ಕೋಣೆಯ ತಾರಸಿ ಕುಸಿದಿತ್ತು. ತಟ್ಟೆ ಮುಂದಿಟ್ಟುಕೊಂಡು ಕೂತ ಮೂವರು ನರ್ಸುಗಳು ಮತ್ತೆ ಏಳಲಿಲ್ಲ. ಆ ತಾರಸಿಯ ಕಾಂಕ್ರೀಟು ಗಟ್ಟಿ ಎಂದು ರುಜು ಹಾಕಿದವರು ಮೇಷ್ಟ್ರು. ತಪ್ಪಿತಸ್ಥ ಮನಸ್ಸು, ತನ್ನದೇ ತೊಟ್ಟಿ. ಕಥೆ ಸಲೀಸಾಗಿ ಕೂತಿತು.

ಅಕ್ಕನಿಗೆ ಸಲೀಸಾಗಿ ಕೂರುವ ಯಾವುದನ್ನು ಕಂಡರೂ ಆಗುವುದಿಲ್ಲ.

ಹೊರಗೆ ಮೇಷ್ಟ್ರ ಮಗಳು ಕಟ್ಟೆಯ ಮೇಲೆ ಕೂತಿದ್ದಳು. ಸ್ಕೂಲಿನಲ್ಲಿ ಲೆಕ್ಕದ ಟೀಚರ್. ತಾಯಿ ಇಲ್ಲ, ಒಬ್ಬಳೇ ಮಗಳು. ಮದುವೆಯಾದ ಮೇಲೂ ಅಪ್ಪನನ್ನು ತನ್ನ ಜೊತೆಗೇ ಇಟ್ಟುಕೊಂಡಿದ್ದಳು. ಪಕ್ಕದಲ್ಲಿ ಗಂಡ ನಿಂತಿದ್ದ. ಅವನೂ ಮೇಷ್ಟ್ರ ಹತ್ತಿರವೇ ಕಲಿತ ಎಂಜಿನಿಯರು, ಸಣ್ಣಪುಟ್ಟ ಮನೆಗಳ ನಕ್ಷೆ ಬರೆಯುವವನು. ಅವನು ಎಲ್ಲಿಂದಲೋ ಕುರ್ಚಿ ತಂದ, ನೀರು ತಂದ, ಹೆಂಡತಿಯ ಜಾರಿದ ಶಾಲು ಸರಿಪಡಿಸಿದ. ಇಂಥ ಹೊತ್ತಿನಲ್ಲಿ ಮನೆಗೊಬ್ಬ ಗಂಡಸು ಹೀಗಿರಬೇಕು ಎಂದು ಪೊಲೀಸ್ ಪೇದೆಯೊಬ್ಬ ಮೆಲ್ಲಗೆ ಅಂದ.

ಮಗಳು ಅಳುತ್ತಿರಲಿಲ್ಲ.

"ಅಪ್ಪ ಸಾಯೋದಕ್ಕೂ ಆ ನೀರಿಗೆ ಇಳೀತಿರಲಿಲ್ಲ ಅಕ್ಕಾ," ಅಂದಳು. "ಬೇರೆಯವರ ಕ್ಯೂಬು ನೆನೀತಿರೋ ನೀರು ಅದು. ಸಾಯಬೇಕು ಅನ್ನಿಸಿದ್ದಿದ್ರೆ ಬೇರೆ ಎಲ್ಲಿಗಾದ್ರೂ ಹೋಗ್ತಿದ್ರು."

ಆಮೇಲೆ ಅಕ್ಕನ ಕೈ ಹಿಡಿದು ಒಂದೇ ಒಂದು ಬೇಡಿದಳು. ಅಪ್ಪ ವಾಪಸು ಬರುವುದು ಬೇಡ, ಯಾರಿಗೂ ಶಿಕ್ಷೆಯಾಗುವುದೂ ಬೇಡ. ಮೂರು ಹುಡುಗಿಯರನ್ನು ಕೊಂದು ನೀರಿಗೆ ಬಿದ್ದವನು ಎಂದು ಮಾತ್ರ ಅಪ್ಪನ ಹೆಸರಿನ ಮುಂದೆ ಬರೆಯಬಾರದು. ಅಷ್ಟು ಮಾಡಿಕೊಡಿ.

ಮಾಡಿಕೊಡುತ್ತೇನೆ ಎಂದಳು ಅಕ್ಕ. ಯಾವ ಲೆಕ್ಕವನ್ನೂ ಎರಡು ಸಲ ಕೂಡಿ ನೋಡದೆ ಮಾತು ಕೊಟ್ಟವಳಲ್ಲ. ಇದನ್ನು ಒಂದು ಸಲವೂ ಕೂಡಿ ನೋಡಲಿಲ್ಲ.

*

ಪರಿಷತ್ತಿನ ಅಧ್ಯಕ್ಷರ ಕೋಣೆಯಲ್ಲಿ ಕಿಟಕಿ ಮುಚ್ಚಿತ್ತು. ಹೊರಗೆ ನರ್ಸುಗಳು ಫಲಕ ಹಿಡಿದು ನಿಂತಿದ್ದರು.

ಅಧ್ಯಕ್ಷರು ಒಳ್ಳೆಯವರು. ಒಳ್ಳೆಯವರಾದದ್ದರಿಂದಲೇ ಯಾರನ್ನೂ ನೋಯಿಸದ ದಾರಿ ಹುಡುಕುತ್ತಿದ್ದರು. ಸತ್ತವರಿಗೆ ನೋವಿಲ್ಲ ಎನ್ನುವುದು ಅವರ ಲೆಕ್ಕ. "ಏನಮ್ಮಾ, ನೀನೂ ನಾನೂ ಅವರ ಶಿಷ್ಯರೇ. ಹೊಟ್ಟೆ ಉರಿಯುತ್ತೆ. ಆದ್ರೆ ನೋಡು, ರುಜು ಅವರದು. ಪರಿಷತ್ತು ಉಳೀಬೇಕಲ್ಲ?"

ಅಕ್ಕ ತನ್ನ ಎದೆಯಲ್ಲಿ ಚುಚ್ಚುತ್ತಿದ್ದ ಒಂದು ಮಾತನ್ನು ಅವರಿಗೆ ಹೇಳಿದಳು. ಸಾಯುವ ದಿನ ಮಧ್ಯಾಹ್ನ ಮೇಷ್ಟ್ರು ಅವಳ ಕೋಣೆಗೆ ಬಂದಿದ್ದರು. ಕೂರಲಿಲ್ಲ. ಬಾಗಿಲಲ್ಲೇ ನಿಂತು, ಒಬ್ಬ ಸದಸ್ಯರ ಮೇಲೆ ದೂರು ಕೊಡಬೇಕು, ಹಳೆಯ ನಿಯಮ ಈಗಲೂ ಇದೆಯಾ ಎಂದು ಕೇಳಿದ್ದರು. ಆ ನಿಯಮ ಪರಿಷತ್ತಿನಷ್ಟೇ ಹಳೆಯದು. ಒಬ್ಬ ಎಂಜಿನಿಯರ್ ಇನ್ನೊಬ್ಬ ಎಂಜಿನಿಯರನ ಕೆಲಸದ ಮೇಲೆ ದೂರುವ ಮುನ್ನ, ಮೊದಲು ಅವನಿಗೇ ತಿಳಿಸತಕ್ಕದ್ದು. ಬೆನ್ನ ಹಿಂದೆ ಆಡಬಾರದು, ಎದುರಿಗೆ ಹೇಳಬೇಕು. ಅದು ವೃತ್ತಿಯ ಮರ್ಯಾದೆ. ಅಕ್ಕ ಫೈಲಿನಿಂದ ತಲೆ ಎತ್ತದೆ, ಇದೆ ಸಾರ್, ಮೊದಲು ತಿಳಿಸಿ ಬನ್ನಿ, ಆಮೇಲೆ ನಾನು ಬರೆದುಕೊಳ್ಳುತ್ತೇನೆ ಎಂದಿದ್ದಳು. ದಿನಕ್ಕೆ ಹತ್ತಾರು ಜನಕ್ಕೆ ಹೇಳುವ ಮಾತು. ಯಾರ ಮೇಲೆ ಎಂದು ಕೇಳಿರಲಿಲ್ಲ. ತಿಳಿಸುವ ಮುನ್ನ ಕೇಳುವುದೂ ನಿಯಮಕ್ಕೆ ವಿರುದ್ಧ.

ಅಧ್ಯಕ್ಷರು ಇದನ್ನು ಬೇರೆ ಯಾರಿಗಾದರೂ ಹೇಳಿದ್ದೀಯಾ ಎಂದು ಕೇಳಿದರು. ಇನ್ಸ್‌ಪೆಕ್ಟರಿಗೆ ಹೇಳಿಯೇ ಬಂದೆ ಎಂದಳು. ಅವರು ಕನ್ನಡಕ ಒರೆಸಿಕೊಂಡರು. ಆ ಮಾತು ಅಲ್ಲಿಗೇ ನಿಂತಿತು.

*

ಮೇಷ್ಟ್ರ ಮೇಜಿನ ಮೇಲೆ ಎರಡು ಕಾಂಕ್ರೀಟು ತುಂಡುಗಳಿದ್ದವು.

ಒಂದು, ಹಾಸ್ಟೆಲಿನಿಂದ ಬಂದು ಪರೀಕ್ಷೆ ಪಾಸಾದ ಕ್ಯೂಬಿನ ಅರ್ಧ. ಒಡೆದ ಕ್ಯೂಬುಗಳನ್ನು ಮೇಷ್ಟ್ರು ಎಸೆಯುತ್ತಿರಲಿಲ್ಲ, ಹಿತ್ತಿಲಲ್ಲಿ ಪೇರಿಸುತ್ತಿದ್ದರು. ಇನ್ನೊಂದು, ಕುಸಿದ ತಾರಸಿಯ ಚೂರು. ಅವರೇ ಹೋಗಿ ಅವಶೇಷದಿಂದ ಆರಿಸಿ ತಂದಿರಬೇಕು. ಪೊಲೀಸರು ಅವನ್ನು ಕಾಗದದ ಮೇಲಿಡುವ ಭಾರ ಅಂದುಕೊಂಡಿದ್ದರು.

ಅಕ್ಕ ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದಳು. ಕ್ಯೂಬಿನ ಒಳಗೆ ಕಪ್ಪು ಜಲ್ಲಿ, ಮೂಲೆ ಮೂಲೆಯಾಗಿ ಒಡೆದದ್ದು, ಸಿಮೆಂಟಿಗೆ ಹಲ್ಲು ಕಚ್ಚಿ ಕೂತದ್ದು. ತಾರಸಿಯ ಚೂರಿನಲ್ಲಿ ಹೊಳೆಯ ನುಣುಪುಗಲ್ಲು. ಉಗುರಿನಿಂದ ಮೀಟಿದರೆ ಕಡಲೆಕಾಳಿನ ಹಾಗೆ ಉದುರಿ ಬಂತು.

"ಒಂದೇ ಪಾತ್ರೆಯ ಅನ್ನ ಅಲ್ಲ ಇದು," ಎಂದಳು ಇನ್ಸ್‌ಪೆಕ್ಟರಿಗೆ. "ಕಟ್ಟಡಕ್ಕೆ ಸುರಿದದ್ದೇ ಒಂದು. ಪರೀಕ್ಷೆಗೆ ಕಳಿಸೋಕೆ ಬೇರೆ ಮಾಡಿದ್ದಾರೆ. ಮೇಷ್ಟ್ರು ತಪ್ಪು ಬರೆದಿಲ್ಲ. ಅವರ ಮುಂದೆ ಬಂದ ಕ್ಯೂಬು ನಿಜಕ್ಕೂ ಗಟ್ಟಿಯೇ ಇತ್ತು."

ಗಟ್ಟಿ ಮಾತ್ರವಲ್ಲ, ಆ ಕ್ಯೂಬು ಚೆಂದವೂ ಇತ್ತು. ಯಂತ್ರ ಒಡೆದ ಕಡೆ ಬಿಟ್ಟರೆ ಅಂಚು ಎಲ್ಲೂ ಮುರಿದಿರಲಿಲ್ಲ, ಮೈಮೇಲೆ ಒಂದೂ ಗುಳ್ಳೆಯಿರಲಿಲ್ಲ. ಮೇಷ್ಟ್ರು ಹಾಸ್ಟೆಲಿನ ಕ್ಯೂಬುಗಳನ್ನು ಹೊಸಬರಿಗೆ ತೋರಿಸಿ, ಅಚ್ಚು ತುಂಬಿದರೆ ಹೀಗೆ ತುಂಬಬೇಕು ಎಂದು ಪಾಠ ಮಾಡಿದ್ದರಂತೆ.

ಇನ್ಸ್‌ಪೆಕ್ಟರ್ ಚುರುಕು ಮನುಷ್ಯ, ಒಪ್ಪಲು ತಡಮಾಡಲಿಲ್ಲ. ಹಾಗಾದರೆ ಮೋಸ ಮಾಡಿದವನು ಕಂಟ್ರಾಕ್ಟರು, ಮೇಷ್ಟ್ರ ಬಾಯಿ ಮುಚ್ಚಿಸಿದವನೂ ಅವನೇ ಎಂದು ಉತ್ಸಾಹದಿಂದ ಎದ್ದ. ಎದ್ದವನು ಮತ್ತೆ ಕೂತ. ಕಂಟ್ರಾಕ್ಟರು ತಾರಸಿ ಬಿದ್ದ ಮಾರನೇ ದಿನದಿಂದ ಅವನದೇ ಠಾಣೆಯ ಲಾಕಪ್ಪಿನಲ್ಲಿದ್ದ. ತಾನೇ ಬೀಗ ಹಾಕಿದ ಸಾಕ್ಷಿ.

"ಕಳ್ಳನ್ನ ಮನೆಯಲ್ಲೇ ಇಟ್ಕೊಂಡು ಊರೆಲ್ಲಾ ಹುಡುಕೋ ಹಾಗಾಯ್ತು," ಎಂದು ತನ್ನನ್ನೇ ಬೈದುಕೊಂಡ. ಲಾಕಪ್ಪಿನಲ್ಲಿ ಕೇಳಿದರೆ ಕಂಟ್ರಾಕ್ಟರು ಒಂದೇ ಪಲ್ಲವಿ ಹಾಡಿದ. ತಾನು ಮೇಲ್ವಿಚಾರಣೆ ಎಂಜಿನಿಯರು ಹೇಳಿದಂತೆ ಮಾಡಿದವನು. ಎಂಜಿನಿಯರ್ ಯಾರು ಅಂದರೆ, ನಕ್ಷೆಯ ಮೇಲೆ ಯಾರ ಮುದ್ರೆ ಇದೆಯೋ ಅವರೇ, ಎಂದ. ಅದರಾಚೆಗೆ ಬಾಯಿ ಬಿಡಬೇಡ ಎಂದು ಅವನ ವಕೀಲ ಹೇಳಿಕೊಟ್ಟಿದ್ದ.

*

ಶವಪರೀಕ್ಷೆ ಮುಗಿಯಿತು. ತಲೆಯ ಹಿಂಭಾಗದಲ್ಲಿ ಪೆಟ್ಟು. ತೊಟ್ಟಿಯ ಅಂಚಿಗೆ ಬಡಿದಿರಬಹುದು. ಸತ್ತದ್ದು ನೀರು ಕುಡಿದು.

ಅಕ್ಕ ಮಗಳನ್ನು ಕೇಳಿದಳು. ಅಪ್ಪನಿಗೆ ಮೈಯಲ್ಲಿ ಏನಾದರೂ ತೊಂದರೆ ಇತ್ತಾ?

ಭುಜ, ಎಂದಳು ಮಗಳು. ಬಲಗೈ ಮೇಲೇಳುತ್ತಿರಲಿಲ್ಲ. ತಲೆ ಬಾಚಲೂ ತಾನೇ ಬೇಕಿತ್ತು. ಅನ್ನ ಮಾತ್ರ ಕಲಸಿಕೊಳ್ಳುತ್ತಿದ್ದರು, ಅದಕ್ಕೆ ಕೈ ಎತ್ತಬೇಕಿಲ್ಲವಲ್ಲ ಎಂದು ಅವರೇ ತಮಾಷೆ ಮಾಡುತ್ತಿದ್ದರು.

ಅಲ್ಲಿಗೆ ಆತ್ಮಹತ್ಯೆಯ ಕಥೆ ಮುಗಿಯಿತು. ಒಂದೊಂದು ಕ್ಯೂಬೂ ಮಗುವಿನ ತೂಕ. ಕೈ ಎತ್ತಲಾಗದ ಮುದುಕ ತೊಟ್ಟಿಯ ತುಂಬ ಇದ್ದ ಕ್ಯೂಬುಗಳನ್ನು ಎತ್ತಿ ಸಾಲು ಜೋಡಿಸಿದ ಎಂದರೆ ಯಾರು ನಂಬುತ್ತಾರೆ? ಎತ್ತಿದವನು ಬೇರೆ. ಎತ್ತಿದವನಿಗೆ ತೋಳಿತ್ತು. ಅಷ್ಟೇ ಅಲ್ಲ, ಎತ್ತಿದ ಮೇಲೆ ಒದ್ದೆ ಹೊದಿಕೆ ಹಾಕಬೇಕು ಎನ್ನುವುದೂ ಅವನಿಗೆ ಗೊತ್ತಿತ್ತು. ಹೊರಗಿನವನಾದರೆ ಎಲ್ಲೆಂದರಲ್ಲಿ ಬಿಸಾಡಿ ಹೋಗುತ್ತಿದ್ದ. ಕೊಲೆ ಮಾಡಿದ ಕೈಯೂ ಕಲಿತ ಪಾಠ ಮರೆಯಲಿಲ್ಲ.

"ಪೈಲ್ವಾನ," ಎಂದ ಇನ್ಸ್‌ಪೆಕ್ಟರ್.

ಲ್ಯಾಬಿನ ಸಹಾಯಕನಿಗೆ ಆ ಹೆಸರು ಬಂದದ್ದು ಕ್ಯೂಬು ಎತ್ತಿ ಎತ್ತಿಯೇ. ತೋಳಿದೆ, ತರಬೇತಿಯಿದೆ, ಬೀಗದ ಕೈ ಇದೆ. ಹಿಂದಿನ ವಾರ ಮೇಷ್ಟ್ರು ಅವನಿಗೆ ಎಲ್ಲರೆದುರು ಬೈದದ್ದೂ ಇದೆ. ಸಂಜೆಯೊಳಗೆ ಅವನನ್ನು ಕರೆದೊಯ್ದರು. ಆ ದೊಡ್ಡ ಮೈ ಠಾಣೆಯ ಬೆಂಚಿನ ಮೇಲೆ ಕೂತು ಮಗುವಿನಂತೆ ಅತ್ತಿತು.

ಅಕ್ಕ ಅವನನ್ನು ನೋಡಲು ಹೋದಳು. ಏನೂ ಕೇಳಬೇಕೆಂದು ಹೋಗಿರಲಿಲ್ಲ. ಊಟದ ಡಬ್ಬಿ ಕೊಟ್ಟು ಬರಲು ಹೋಗಿದ್ದಳು. ಅವನಿಗೆ ತನ್ನ ಮೇಲಿನ ಆರೋಪಕ್ಕಿಂತ ಆ ಕ್ಯೂಬುಗಳದೇ ಚಿಂತೆ. ಗೋಣಿ ತೆಗೆದು ಸ್ಪಂಜಿನ ಹಾಸು ಹಾಕಿದಿರಾ ಎಂದು ಕೇಳಿದ.

ಯಾವ ಸ್ಪಂಜು ಎಂದಳು ಅಕ್ಕ.

ತೊಟ್ಟಿಯ ಪಕ್ಕದ ಡ್ರಮ್ಮಿನಲ್ಲೇ ಇರುತ್ತದಲ್ಲ, ಎಂದ. ಲ್ಯಾಬಿನಲ್ಲಿ ಗೋಣಿ ಮುಟ್ಟುವಂತಿಲ್ಲ. ಯಾವಾಗಲೋ ಸಕ್ಕರೆ ತುಂಬಿದ್ದ ಗೋಣಿಯನ್ನು ಹಸಿ ಕ್ಯೂಬುಗಳಿಗೆ ಹೊದಿಸಿ, ಸಕ್ಕರೆ ಇಳಿದು, ಕಾಂಕ್ರೀಟು ಗಟ್ಟಿಯಾಗದೆ ಎಲ್ಲ ಹಾಳಾಗಿತ್ತಂತೆ. ಅಂದಿನಿಂದ ಗೋಣಿ ಬಾಗಿಲಲ್ಲಿ ಕಾಲೊರೆಸಲು ಮಾತ್ರ. ತಾನು ಸೇರುವ ಮುಂಚಿನ ಮಾತು ಅದು.

"ನಾನು ಕ್ಯೂಬಿಗೆ ಗೋಣಿ ಹಾಕಿದ್ದಿದ್ರೆ ಮೇಷ್ಟ್ರು ನನ್ನನ್ನೇ ತೊಟ್ಟಿಗೆ ಹಾಕ್ತಿದ್ರು ಅಕ್ಕಾ," ಎಂದವನು ತಾನೇ ಆಡಿದ ಮಾತು ಕೇಳಿಸಿಕೊಂಡು ಮತ್ತೆ ಅಳತೊಡಗಿದ.

ಅಕ್ಕ ಠಾಣೆಯ ಮೆಟ್ಟಿಲ ಮೇಲೆ ನಿಂತಳು. ಕಂಬಿ ಅಲುಗಿಸಿ ನೋಡುವುದನ್ನೂ ಮರೆತು ಹಿಡಿದುಕೊಂಡಳು. ಆ ಗೋಣಿಯನ್ನು ಮೊದಲ ದಿನವೇ ಕಂಡಿದ್ದಳು. ಏನೂ ಅನ್ನಿಸಿರಲಿಲ್ಲ. ಏಕೆಂದರೆ ಅವಳು ಕಲಿತಾಗಲೂ ಗೋಣಿಯನ್ನೇ ಹೊದಿಸುತ್ತಿದ್ದರು. ಅವಳ ಕೈಯೂ ಅದನ್ನೇ ಮಾಡುತ್ತಿತ್ತು.

ಕೊಂದವನು ಈಗಿನವನಲ್ಲ. ಸ್ಪಂಜು ಬರುವ ಮುಂಚೆ ಇಲ್ಲಿ ಕಲಿತು ಹೋದವನು. ಪಕ್ಕದಲ್ಲೇ ಡ್ರಮ್ಮು ಇದ್ದರೂ ತೆರೆದು ನೋಡದೆ, ಬಾಗಿಲಿನ ಕಾಲೊರೆಸು ಎಳೆದುಕೊಂಡು ನೆನೆಸಿ ಹೊದಿಸಿದವನು.

ಹಾಗೆ ಕಲಿತವರು ಎಷ್ಟೋ ಜನ. ಅಧ್ಯಕ್ಷರು, ಅವಳು, ಪರಿಷತ್ತಿನ ಅರ್ಧ ಸಭೆ. ಅವರಲ್ಲಿ ಮೇಷ್ಟ್ರು ಯಾರಿಗೆ ಮೊದಲು ತಿಳಿಸಲು ಹೋದರು?

*

ಹಾಸ್ಟೆಲಿನ ನಕ್ಷೆಯ ಮೇಲಿದ್ದ ಮುದ್ರೆ ಒಬ್ಬ ಹಳೆಯ ಎಂಜಿನಿಯರರದು. ಹಾಸಿಗೆ ಹಿಡಿದವರು. ಕಾಯಿಲೆ ಎಂದು ಪರಿಷತ್ತಿನ ವಿಚಾರಣೆಗೂ ಬಂದಿರಲಿಲ್ಲ. ಅಕ್ಕ, ಇನ್ಸ್‌ಪೆಕ್ಟರ್ ಇಬ್ಬರೂ ಅವರ ಮನೆಗೆ ಹೋದರು. ಸೊಸೆ ಬಾಗಿಲು ತೆಗೆದಳು. ಮಾವನವರು ಹಾಸಿಗೆಯಿಂದ ಇಳಿದೇ ವರ್ಷಗಳಾದವು, ಅವರು ತಾರಸಿ ಹತ್ತಿ ಮೇಲ್ವಿಚಾರಣೆ ಮಾಡಿದರು ಎಂದರೆ ದೇವರೇ ನಗುತ್ತಾನೆ, ಎಂದಳು.

ತಾತ ದಿಂಬಿಗೊರಗಿ ಕೂತಿದ್ದರು. ಬುದ್ಧಿ ಮಂಕಾಗಿರಲಿಲ್ಲ. ಮುದ್ರೆ ತಮ್ಮದೇ, ಕೆಲಸ ತಮ್ಮದಲ್ಲ ಎಂದು ನೇರವಾಗಿಯೇ ಒಪ್ಪಿಕೊಂಡರು. ಒಬ್ಬ ಹುಡುಗ ಬಂದು ಕೇಳಿದ. ಅವನ ಹೆಸರಿನಲ್ಲಿ ಆ ಕೆಲಸ ಮಾಡಲು ಏನೋ ಅಡ್ಡಿಯಿತ್ತಂತೆ. ಒಳ್ಳೆಯ ಹುಡುಗ ಎಂದು ಮುದ್ರೆ ಕೊಟ್ಟೆ. ಮುದ್ರೆ ಡ್ರಾಯರಿನಲ್ಲಿ ತುಕ್ಕು ಹಿಡಿಯುವುದಕ್ಕಿಂತ ವಾಸಿ ಅನ್ನಿಸಿತು.

ಯಾರು ಎಂದು ಇನ್ಸ್‌ಪೆಕ್ಟರ್ ಕೇಳಿದ. ತಾತ ತಲೆಯಾಡಿಸಿದರು.

"ಬೇಡ ತಾಯಿ," ಎಂದರು ಅಕ್ಕನ ಕಡೆ ತಿರುಗಿ. "ಒಬ್ಬರಿಗೆ ಆ ಹೆಸರು ಹೇಳ್ದೆ. ಅವರು ಅವತ್ತೇ ಹೋದ್ರು. ಇನ್ನೊಬ್ಬರಿಗೆ ಹೇಳಲ್ಲ."

ಮೇಷ್ಟ್ರು ಬಂದಿದ್ದರು ಹಾಗಾದರೆ. ಅಕ್ಕ ಮಂಚದ ಪಕ್ಕ ಕೂತಳು. ಹೆಸರು ಕೇಳಲಿಲ್ಲ. ಆ ಹೆಸರು ಕಿವಿಗೆ ಬಿದ್ದಾಗ ಮೇಷ್ಟ್ರು ಏನು ಮಾಡಿದರು ಎಂದು ಕೇಳಿದಳು.

ಬಂದಾಗ ಮೇಷ್ಟ್ರು ಬೆಂಕಿಯಾಗಿದ್ದರಂತೆ. ನಿಂತೇ ಬೈದರಂತೆ. ಹೆಸರು ಕೇಳಿದ ಮೇಲೆ ಕೂತರು. ನೀರು ಕೇಳಿದರು. ತಂದ ನೀರು ಕುಡಿಯಲಿಲ್ಲ.

"ಅವಳಿಗೆ ಗೊತ್ತಾ ಅಂತ ಕೇಳಿದ್ರು," ಎಂದರು ತಾತ. "ಅಷ್ಟೇ. ಅವಳಿಗೆ ಗೊತ್ತಾ. ನನಗೇನು ಗೊತ್ತು, ಗೊತ್ತಿರಲಿಕ್ಕಿಲ್ಲ ಅಂದೆ. ಎದ್ದು ಹೋದ್ರು."

ಇನ್ಸ್‌ಪೆಕ್ಟರ್ ಅಕ್ಕನ ಮುಖ ನೋಡಿದ. ಅಕ್ಕ ನೆಲ ನೋಡುತ್ತಿದ್ದಳು. ಲೋಕದಲ್ಲಿ ಮೇಷ್ಟ್ರಿಗೆ ಅವಳು ಎಂದರೆ ಒಬ್ಬಳೇ.

*

ಮಗಳ ಮನೆಯ ಮುಂದಿನ ಕೋಣೆಯಲ್ಲಿ ನಾಲ್ವರು ಕೂತಿದ್ದರು. ಮಗಳು ಚಹಾ ತಂದಿಟ್ಟಿದ್ದಳು. ಅಳಿಯ ಅಕ್ಕನಿಗೆ ಬೆನ್ನಿಗೊಂದು ದಿಂಬು ಕೊಟ್ಟ.

ಅಕ್ಕ ನಿಧಾನವಾಗಿ ಹೇಳುತ್ತಾ ಹೋದಳು. ಬೇರೆ ಬೇರೆ ಕಲ್ಲಿನ ಎರಡು ತುಂಡು. ಪರೀಕ್ಷೆಗೆಂದೇ ಮಾಡಿದ ಚೆಂದದ ಕ್ಯೂಬು. ಅಷ್ಟು ಚೆಂದ ಅಚ್ಚು ತುಂಬಲು ಕಂಟ್ರಾಕ್ಟರಿಗೆ ಬರುವುದಿಲ್ಲ. ಮೇಷ್ಟ್ರ ಕೈಯಲ್ಲಿ ಪಳಗಿದವನಿಗೆ ಬರುತ್ತದೆ. ಎತ್ತಿಟ್ಟ ಕ್ಯೂಬು. ಅದರ ಮೇಲೆ ಹಳೆಯ ಕಾಲದ ಗೋಣಿ.

"ಗೋಣಿ ಅಂದ್ರೆ ನೀವೂ ಕಲಿತದ್ದು ಗೋಣಿಯಲ್ಲೇ ಅಲ್ವಾ ಅಕ್ಕಾ," ಎಂದ ಅಳಿಯ. ದನಿಯಲ್ಲಿ ನಗುವಿತ್ತು. "ಹಾಗೆ ನೋಡಿದ್ರೆ ನಿಮ್ಮನ್ನೂ ಹಿಡೀಬೇಕು."

ಹೌದು, ಎಂದಳು ಅಕ್ಕ. ಗೋಣಿಯಿಂದ ಯಾರನ್ನೂ ಹಿಡಿಯಲಾಗುವುದಿಲ್ಲ. ಅದಕ್ಕೇ ಮೇಷ್ಟ್ರು ನಡೆದ ದಾರಿಯಲ್ಲಿ ನಾನೂ ನಡೆದೆ. ಅವರು ನಿಯಮ ಕೇಳಿಕೊಂಡು ಹೋದರು. ಬೇರೆ ಯಾರೇ ಆಗಿದ್ದರೂ ನೇರವಾಗಿ ಪೊಲೀಸರಿಗೋ ಪತ್ರಿಕೆಗೋ ಹೋಗುತ್ತಿದ್ದರು. ಎಂಜಿನಿಯರ್ ಮಾತ್ರ ತಪ್ಪು ಮಾಡಿದವನ ಮನೆ ಬಾಗಿಲಿಗೆ ಹೋಗಿ, ನಿನ್ನ ಮೇಲೆ ದೂರು ಕೊಡುವವನಿದ್ದೇನೆ ಎಂದು ಹೇಳುತ್ತಾನೆ. ಕೊಂದವನು ಪರಿಷತ್ತಿನ ಸದಸ್ಯನೇ ಆಗಿರಬೇಕು. ಸದಸ್ಯನಲ್ಲದವನಿಗೆ ಮೇಷ್ಟ್ರು ಮೊದಲು ತಿಳಿಸಬೇಕಿರಲಿಲ್ಲ. ಮೊದಲು ಮುದ್ರೆಯ ತಾತನ ಮನೆ. ಅಲ್ಲಿ ಇನ್ನೊಂದು ಹೆಸರು ಸಿಕ್ಕಿತು. ಆ ಹೆಸರಿನವನು ತನ್ನ ಹೆಸರಲ್ಲೇ ಕೆಲಸ ಮಾಡಬಹುದಿತ್ತು. ಮಾಡಲಿಲ್ಲ, ಏಕೆಂದರೆ ಸಂಬಂಧಿಕರ ಕಟ್ಟಡದ ಕ್ಯೂಬನ್ನು ಮೇಷ್ಟ್ರು ಪರೀಕ್ಷಿಸುವಂತಿಲ್ಲ. ಅದೂ ನಿಯಮವೇ. ಊರಿಗೆಲ್ಲ ಬೇಕಾದದ್ದು ಮೇಷ್ಟ್ರ ರುಜು.

ಅಳಿಯನ ಮುಖದಲ್ಲಿ ನಗು ಇನ್ನೂ ಇತ್ತು, ಬಿಚ್ಚಲು ಮರೆತ ತೋರಣದ ಹಾಗೆ.

"ಊಹೆ," ಎಂದ. "ತಾತ ನನ್ನ ಹೆಸರು ಹೇಳಿದ್ರಾ?"

ತಾತ ಹೇಳಿರಲಿಲ್ಲ.

ಅಷ್ಟು ಹೊತ್ತು ಲೋಟದ ಅಂಚನ್ನು ಬೆರಳಿನಿಂದ ಸವರುತ್ತಿದ್ದ ಮಗಳು ತಲೆ ಎತ್ತಿದಳು. ಗಂಡನನ್ನು ಬಹಳ ಮೆತ್ತಗೆ ಕೇಳಿದಳು.

"ರೀ, ಅಪ್ಪನ ಕನ್ನಡಕ ಯಾಕೆ ತೆಗೆದಿಟ್ರಿ?"

"ಬಿದ್ರೆ ಒಡೆಯುತ್ತೆ ಅಂತ," ಎಂದ ಅವನು.

ಹೆಂಡತಿ ದಿನವೂ ಕೇಳುವ ಇಂಥ ನೂರು ಪ್ರಶ್ನೆಗಳಿಗೆ ಹೇಗೆ ಹೇಳುತ್ತಿದ್ದನೋ ಹಾಗೇ ಹೇಳಿಬಿಟ್ಟ. ಮುಖದ ನಗು ಈಗ ಇಳಿಯಿತು. ಆ ಜಾಗದಲ್ಲಿ ಏನೂ ಬರಲಿಲ್ಲ.

ಆಮೇಲೆ ಅವನು ಬಚ್ಚಿಡಲಿಲ್ಲ. ಅವತ್ತು ಸಂಜೆ ಪೈಲ್ವಾನ ಮನೆಗೆ ಹೋದ ಮೇಲೆ ಮಾವ ಲ್ಯಾಬಿಗೆ ಕರೆದಿದ್ದರು. ನಿಯಮದ ಪ್ರಕಾರ ತಿಳಿಸುತ್ತಿದ್ದೇನೆ, ನಾಳೆ ದೂರು ಕೊಡುತ್ತೇನೆ ಎಂದರು. ಅಳಿಯ ಎನ್ನಲಿಲ್ಲ. ಸದಸ್ಯರೇ ಎಂದರು. ಕಾಲು ಹಿಡಿದ. ಅವರು ಕಾಲು ಹಿಂದಕ್ಕೆಳೆದುಕೊಂಡರು. ಬದುಕಿಡೀ ಮೇಷ್ಟ್ರ ಅಳಿಯ ಎನ್ನಿಸಿಕೊಂಡು ಕೊಳೆತವನು ತಾನು. ಅವರ ಲ್ಯಾಬಿನಲ್ಲಿ ಗೆದ್ದ ಒಂದೇ ಒಂದು ಕೆಲಸ ಆ ಹಾಸ್ಟೆಲು. ತಳ್ಳಿದ. ತಲೆ ಬಡಿದು ಎಚ್ಚರ ತಪ್ಪಿ ಬಿದ್ದವರನ್ನು ನೋಡಿದ. ಆಸ್ಪತ್ರೆಗೆ ಒಯ್ಯಬಹುದಿತ್ತು. ಕ್ಯೂಬುಗಳನ್ನು ಒಂದೊಂದಾಗಿ ಎತ್ತಿಟ್ಟ. ಬಾಗಿಲು ಎಳೆದರೆ ಬೀಗ ತಾನೇ ಬೀಳುತ್ತದೆ.

"ಅಪ್ಪನ್ನ ಎತ್ತುವಾಗ ಇನ್ನೂ ಉಸಿರಿದೆ ಅಂತ ನಿಮಗೆ ಗೊತ್ತಿತ್ತಾ?" ಎಂದು ಕೇಳಿದಳು ಮಗಳು.

ಅವನು ಹ್ಞೂಂ ಎಂದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಇನ್ಸ್‌ಪೆಕ್ಟರ್ ಎದ್ದ.

*

ಪೈಲ್ವಾನ ಮನೆಗೆ ಹೋದ. ಅಳಿಯ ಜೈಲಿಗೆ ಹೋದ. ಹಾಸ್ಟೆಲಿನಿಂದ ಹೊರಗೆ ಕಳಿಸಿದ್ದ ನರ್ಸುಗಳು, ಬೇರೆ ಜಾಗ ಸಿಗದೆ, ಬೀಳದೆ ಉಳಿದ ಕೋಣೆಗಳಿಗೆ ಮರಳಿದರು. ಅವುಗಳಲ್ಲೂ ಅದೇ ನುಣುಪುಗಲ್ಲು. ಆ ಕೋಣೆಗಳನ್ನೂ ಖಾಲಿ ಮಾಡಿಸಬೇಕು ಎಂದು ಅಕ್ಕ ಬರೆದಳು. ನೋಡೋಣ ಎಂದು ಉತ್ತರ ಬಂತು.

ಪರಿಷತ್ತಿನ ಸಭೆ ಸೇರಿತು. ಅಳಿಯನ ಹೆಸರನ್ನು ಸದಸ್ಯರ ಪಟ್ಟಿಯಿಂದ ತೆಗೆಯಲು ಯಾರ ತಕರಾರೂ ಇರಲಿಲ್ಲ. ಆಮೇಲೆ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. ಮೇಷ್ಟ್ರ ವಿಷಯ. ಅವರು ಮೋಸ ಮಾಡಲಿಲ್ಲ, ನಿಜ. ಆದರೆ ಅಳಿಯನ ಕಟ್ಟಡದ ಕ್ಯೂಬನ್ನು ಮಾವ ಪರೀಕ್ಷಿಸಿದ್ದು ಈಗ ಸಾಬೀತಾಗಿದೆ. ಸಾಬೀತು ಮಾಡಿದ್ದು ನಮ್ಮದೇ ತನಿಖೆ.

ಅವರಿಗೆ ಗೊತ್ತಿರಲಿಲ್ಲ, ಎಂದಳು ಅಕ್ಕ. ಗೊತ್ತಾದ ದಿನವೇ ಸತ್ತರು.

ಗೊತ್ತಿದ್ದರೆ, ಗೊತ್ತಿಲ್ಲದಿದ್ದರೆ ಎಂದು ನಿಯಮದಲ್ಲಿ ಇಲ್ಲ, ಎಂದರು ಅಧ್ಯಕ್ಷರು. ಹೊರಗಿನವರು ಏನೆನ್ನುತ್ತಾರೆ? ಸತ್ತ ಸದಸ್ಯನೆಂದು ಬಿಟ್ಟರೆ ಪರಿಷತ್ತು ತನ್ನವರನ್ನು ಕಾಪಾಡಿಕೊಂಡಿತು ಎನ್ನುತ್ತಾರೆ. ಅಕ್ಕ ವಾದಿಸಿದಳು. ಮೇಜು ಗುದ್ದಿದಳು, ಯಾವತ್ತೂ ಗುದ್ದಿದವಳಲ್ಲ. ಮೇಲ್ಮನವಿಗೆ ಅವಕಾಶವಿದೆ ಎಂದು ಯಾರೋ ಸಮಾಧಾನ ಹೇಳಿದರು. ಮೇಲ್ಮನವಿಯನ್ನು ಸದಸ್ಯರು ಖುದ್ದಾಗಿ ಹಾಜರಾಗಿ ಸಲ್ಲಿಸಬೇಕು ಎಂದು ಇನ್ನೊಬ್ಬರು ಓದಿ ಹೇಳಿದರು. ಯಾರೂ ನಗಲಿಲ್ಲ. ಕೈ ಎತ್ತಲು ಹೇಳಿದಾಗ ಎಲ್ಲರ ಕೈಯೂ ಮೇಲೆ ಹೋಯಿತು. ಅಕ್ಕನದೊಂದು ಬಿಟ್ಟು. ಅವರಲ್ಲಿ ಮೇಷ್ಟ್ರ ಶಿಷ್ಯರಲ್ಲದವರು ಕಡಿಮೆ.

ಒಂದೇ ಪ್ರಕಟಣೆಯಲ್ಲಿ ಎರಡು ಹೆಸರು. ಮಾವ, ಅಳಿಯ. ನರ್ಸುಗಳ ಹಾಸ್ಟೆಲ್ ಪ್ರಕರಣದಲ್ಲಿ ಸದಸ್ಯತ್ವ ರದ್ದಾದವರು. ಕೆಳಗೆ ತನಿಖಾಧಿಕಾರಿಯ ರುಜು ಇರಬೇಕು. ರುಜು ಹಾಕದಿದ್ದರೆ ಬೇರೆಯವರು ಹಾಕುತ್ತಾರೆ. ಹಾಕಿದಳು.

ಮಗಳು ಪ್ರತಿ ತೆಗೆದುಕೊಳ್ಳಲು ತಾನೇ ಬಂದಳು. ಅಂಚೆಯಲ್ಲಿ ಕಳಿಸುತ್ತಿದ್ದೆ ಎಂದಳು ಅಕ್ಕ. ಪರವಾಗಿಲ್ಲ, ಸ್ಕೂಲಿಗೆ ಹೋಗುವ ದಾರಿಯೇ ಎಂದಳು ಮಗಳು. ಕೂತು ಓದಿದಳು. ಎರಡನೇ ಸಲ ಓದಿದಳು. ಅಕ್ಕ ನಿಯಮ ವಿವರಿಸಲು ಹೋದಳು, ಅರ್ಧಕ್ಕೆ ನಿಲ್ಲಿಸಿದಳು.

"ಆತ್ಮಹತ್ಯೆ ಅಂತಲೇ ಬಿಟ್ಟಿದ್ರೆ ಹೆಸರು ಆಗಲೂ ಹೋಗ್ತಿತ್ತು," ಎಂದಳು ಮಗಳು. "ಈಗಲೂ ಹೋಯ್ತು. ಆಗಾದ್ರೆ ಮನೇಲಿ ಇನ್ನೊಬ್ಬರು ಇರ್ತಿದ್ರು."

ಸಿಟ್ಟಿರಲಿಲ್ಲ. ಮಕ್ಕಳಿಗೆ ಕಳೆಯುವ ಲೆಕ್ಕ ಹೇಳಿಕೊಡುವ ದನಿ.

"ಅವನು ಅಪ್ಪನನ್ನ ಕೊಂದವನು, ಮರಿ."

"ಹೌದು. ಆದ್ರೆ ನನಗೆ ಗೊತ್ತಿರ್ತಿರಲಿಲ್ಲ."

ಕಾಗದವನ್ನು ಚೀಲಕ್ಕೆ ಹಾಕಿಕೊಂಡಳು. ಮೂರನೇ ಪೀರಿಯಡ್ಡು ತನ್ನದು, ಹೊತ್ತಾಯಿತು ಎಂದು ಎದ್ದಳು. ಬಾಗಿಲಲ್ಲಿ ತಿರುಗಿ, ನೀವು ಕಷ್ಟಪಟ್ಟಿರಿ ಅಕ್ಕಾ ಎಂದಳು. ಅದನ್ನು ಮನಸ್ಸಿನಿಂದಲೇ ಹೇಳಿದಳು. ಅದನ್ನೇ ಅಕ್ಕನಿಗೆ ತಡೆದುಕೊಳ್ಳಲಾಗಲಿಲ್ಲ.